ಕನ್ನಡ ಪದವಿರುವ ವಿಳಾಸವನ್ನು ಕಮಾಂಡ್ ಲೈನಿನಿಂದ ತೆರೆಯುವುದು: ಒಂದು ಗ್ರಂಥಾಲಯದ ಎರಡು ಪರದೆಗಳು

ಏನು ಬೇಕಿತ್ತು

ಪದವಿ ಕಾಲೇಜೊಂದರ ಗ್ರಂಥಾಲಯ. ಪುಸ್ತಕಗಳ ಪಟ್ಟಿಯೆಲ್ಲ ಕೋಹಾದಲ್ಲಿದೆ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಿಂದ ಬಳಕೆಯಲ್ಲಿರುವ ಈ ಮುಕ್ತ ತಂತ್ರಾಂಶ ಭಾರತದ ಅನೇಕ ಕಾಲೇಜುಗಳಲ್ಲೂ ನಡೆಯುತ್ತಿದೆ. ಇಲ್ಲಿ ಅದರ ಸರ್ವರ್ ಕಟ್ಟಡದೊಳಗಿನ ಜಾಲದಲ್ಲೇ, 192.168.1.10 ಎಂಬ ವಿಳಾಸದಲ್ಲಿದೆ.

ಓದುವ ಕೋಣೆಯಲ್ಲಿ ಎರಡು ಪರದೆ. ಬಾಗಿಲ ಪಕ್ಕದ ಮೇಜಿನ ಮೇಲೆ ವಿದ್ಯಾರ್ಥಿಗಳು ಪುಸ್ತಕ ಹುಡುಕಲೆಂದು ಇಟ್ಟ ವಿಂಡೋಸ್ 10 ಕಂಪ್ಯೂಟರ್ ಒಂದು. ಗೋಡೆಯ ಟಿವಿ ಇನ್ನೊಂದು, ಅದರ ಬೆನ್ನಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಬೆಳಿಗ್ಗೆ ಸ್ವಿಚ್ ಹಾಕಿದರೆ ಸಾಕು, ಯಾರೂ ಮೌಸ್ ಮುಟ್ಟದೆ ಎರಡರಲ್ಲೂ ಹೊಸದಾಗಿ ಬಂದ ಕನ್ನಡ ಪುಸ್ತಕಗಳ ಪಟ್ಟಿ ತೆರೆದುಕೊಳ್ಳಬೇಕು ಎಂಬುದು ಬೇಡಿಕೆ. ಮೇಜಿನ ಕಂಪ್ಯೂಟರಿನಲ್ಲಿ ಅಲ್ಲಿಂದ ಮುಂದೆ ಹುಡುಕಾಟ ನಡೆಸಬಹುದು. ಟಿವಿಯಲ್ಲಿ ಪಟ್ಟಿ ತಾನಾಗಿ ಹೊಸದಾಗುತ್ತಿರಬೇಕು.

ಬ್ರೌಸರಿನಲ್ಲಿ ಕೈಯಾರೆ ಹುಡುಕಿ, ಬಂದ ದಿನಾಂಕದ ಕ್ರಮಕ್ಕೆ ಜೋಡಿಸಿದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಂಡ ವಿಳಾಸ ಇದು:

ಎಚ್‌ಟಿಟಿಪಿ://192.168.1.10/ಸಿಜಿಐ-ಬಿನ್/ಕೋಹಾ/ಓಪ್ಯಾಕ್-ಸರ್ಚ್.ಪಿಎಲ್?ಐಡಿಎಕ್ಸ್=ಕೆಡಬ್ಲ್ಯು&ಕ್ಯೂ=ಕನ್ನಡ&ಸಾರ್ಟ್_ಬೈ=ಆಕ್‌ಡೇಟ್_ಡಿಎಸ್‌ಸಿ

ಈ ಬರಹದಲ್ಲಿ ವಿಳಾಸವನ್ನೂ ಆಜ್ಞೆಗಳನ್ನೂ ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು; ಚಿಹ್ನೆಗಳು, ಅಂಕಿಗಳು, ಖಾಲಿ ಜಾಗಗಳು ಮಾತ್ರ ಇಲ್ಲಿದ್ದ ಹಾಗೆಯೇ ಇರಬೇಕು. ಈ ಪ್ರಕರಣದಲ್ಲಿ ತೊಂದರೆ ಕೊಟ್ಟದ್ದೆಲ್ಲ ಚಿಹ್ನೆಗಳೇ.

ಮೇಲಿನ ವಿಳಾಸವನ್ನು ಬ್ರೌಸರಿನಿಂದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಕನ್ನಡ ಪದ ಹಾಗೇ ಬರುವುದಿಲ್ಲ. ‘ಕನ್ನಡ’ ಎಂಬಲ್ಲಿ ಹೀಗೊಂದು ಸಾಲು ಬರುತ್ತದೆ:

%ಇ0%ಬಿ2%95%ಇ0%ಬಿ2%ಎ8%ಇ0%ಬಿ3%8ಡಿ%ಇ0%ಬಿ2%ಎ8%ಇ0%ಬಿ2%ಎ1

ವೆಬ್ ವಿಳಾಸದಲ್ಲಿ ನೇರವಾಗಿ ಬರಬಹುದಾದ ಅಕ್ಷರಗಳು ಕೆಲವೇ. ಉಳಿದವನ್ನು ಯುಟಿಎಫ್-8 ಬೈಟುಗಳಾಗಿ ಒಡೆದು, ಒಂದೊಂದು ಬೈಟಿನ ಹಿಂದೆ ಪರ್ಸೆಂಟ್ ಚಿಹ್ನೆ ಇಟ್ಟು ಬರೆಯಬೇಕು. ಜನವರಿ 2005ರ ಆರ್‌ಎಫ್‌ಸಿ 3986 ಎಂಬ ಅಂತರ್ಜಾಲ ಮಾನಕ ಹೇಳುವ ಕ್ರಮ ಇದೇ. ಯುನಿಕೋಡಿನಲ್ಲಿ ‘ಕನ್ನಡ’ ಎಂದರೆ ಐದು ಸಂಕೇತ: ಕ, ನ, ವಿರಾಮ, ನ, ಡ. ಒಂದೊಂದಕ್ಕೆ ಮೂರು ಬೈಟ್, ಒಟ್ಟು 15 ಬೈಟ್, 15 ಪರ್ಸೆಂಟ್ ಚಿಹ್ನೆ, 45 ಅಕ್ಷರ. ಕನ್ನಡದ ಯಾವ ಅಕ್ಷರವಾದರೂ ಮೊದಲ ಬೈಟ್ ಇ0, ಎರಡನೆಯದು ಬಿ2 ಅಥವಾ ಬಿ3. ಈ ಸಂಗತಿಯನ್ನು ನೆನಪಿಡಿ, ಮುಂದೆ ಇದೇ ತೊಡಕಾಗುತ್ತದೆ.

ವಿಂಡೋಸ್ ಕಡೆ ನಡೆದದ್ದು

ವಿಂಡೋಸ್‌ನಲ್ಲಿ ಕಮಾಂಡ್ ಲೈನಿನಿಂದ, ಎಂದರೆ ಸಿಎಂಡಿ ಎಂಬ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು, ಬ್ರೌಸರ್ ತೆರೆಯಲು ಸ್ಟಾರ್ಟ್ ಎಂಬ ಆಜ್ಞೆ ಇದೆ. ಅದರ ಮುಂದೆ ಎಚ್‌ಟಿಟಿಪಿ ಎಂದು ಶುರುವಾಗುವ ವಿಳಾಸ ಕೊಟ್ಟರೆ, ಆ ಬಗೆಯ ವಿಳಾಸಕ್ಕೆ ಯಾವ ಬ್ರೌಸರ್ ನಿಗದಿಯಾಗಿದೆಯೋ ಅದಕ್ಕೆ ವಿಂಡೋಸ್ ಅದನ್ನು ಒಪ್ಪಿಸುತ್ತದೆ. ಮೊದಲಿನ ಎಚ್‌ಟಿಟಿಪಿ:// ಬಿಟ್ಟು ಬರಿಯ 192.168.1.10 ಎಂದು ಕೊಟ್ಟರೆ ಆ ಹೆಸರಿನ ಫೈಲ್ ಹುಡುಕಿ, ಸಿಗಲಿಲ್ಲ ಎನ್ನುತ್ತದೆ.

ಗ್ರಂಥಾಲಯದವರು ಮಾಡಿದ ಮೊದಲ ಬ್ಯಾಚ್ ಫೈಲಿನಲ್ಲಿ (ಆಜ್ಞೆಗಳನ್ನು ಬರೆದಿಟ್ಟು ನಡೆಸುವ ಫೈಲ್) ಒಂದೇ ಸಾಲು: ಸ್ಟಾರ್ಟ್, ಅದರ ಮುಂದೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡೀ ವಿಳಾಸ. ಎರಡು ಸಲ ಕ್ಲಿಕ್ ಮಾಡಿದರೆ ಬ್ರೌಸರ್ ಬರಲಿಲ್ಲ, ಖಾಲಿ ಕಪ್ಪು ಕಿಟಕಿಯೊಂದು ಬಂತು, ಅದರ ತಲೆಪಟ್ಟಿಯಲ್ಲಿ ವಿಳಾಸ. ಸ್ಟಾರ್ಟ್ ಆಜ್ಞೆ ಉದ್ಧರಣ ಚಿಹ್ನೆಯೊಳಗೆ ಬಂದ ಮೊದಲ ಸಂಗತಿಯನ್ನು ಹೊಸ ಕಿಟಕಿಯ ಶೀರ್ಷಿಕೆ ಎಂದೇ ಓದುತ್ತದೆ. ತೆರೆಯಬೇಕಾದದ್ದು ಅದರ ನಂತರ ಬರಬೇಕು; ಏನೂ ಬರದಿದ್ದರೆ ಬರಿಯ ಕಮಾಂಡ್ ಕಿಟಕಿ ತೆರೆಯುತ್ತದೆ.

ಉದ್ಧರಣ ಚಿಹ್ನೆಯೇ ಕಾರಣವೆಂದು ಅದನ್ನು ತೆಗೆದದ್ದು ಎರಡನೆಯ ಪ್ರಯತ್ನ. ಈಗ ಬ್ರೌಸರ್ ತೆರೆಯಿತು, ಕೋಹಾದ ಪುಟವೂ ಬಂತು, ಆದರೆ ಕನ್ನಡ ಪುಸ್ತಕಗಳ ಪಟ್ಟಿ ಇಲ್ಲ. ಕಪ್ಪು ಕಿಟಕಿ ಮಿಂಚಿ ಮರೆಯಾಗುವುದರಿಂದ ಅದರಲ್ಲಿ ಏನು ಬರೆದಿತ್ತೆಂದು ಓದಲಾಗಲಿಲ್ಲ. ಇಂಥ ಕಡೆ ಬ್ಯಾಚ್ ಫೈಲಿನ ಕೊನೆಗೆ ಪಾಸ್ ಎಂಬ ಆಜ್ಞೆ ಸೇರಿಸಿದರೆ ಕೀಲಿ ಒತ್ತುವ ತನಕ ಕಿಟಕಿ ನಿಲ್ಲುತ್ತದೆ. ಹಾಗೆ ನಿಲ್ಲಿಸಿದಾಗ ಎರಡು ದೂರು ಕಂಡವು: ‘ಕ್ಯೂ’ ಎಂಬ ಆಜ್ಞೆ ಗೊತ್ತಿಲ್ಲ, ‘ಸಾರ್ಟ್_ಬೈ’ ಎಂಬ ಆಜ್ಞೆ ಗೊತ್ತಿಲ್ಲ. ಸಿಎಂಡಿಗೆ & ಎಂದರೆ ಒಂದು ಆಜ್ಞೆ ಮುಗಿದು ಇನ್ನೊಂದು ಶುರುವಾಯಿತು ಎಂದರ್ಥ. ವಿಳಾಸ ಮೊದಲ & ಹತ್ತಿರವೇ ಮುರಿದು, ಐಡಿಎಕ್ಸ್=ಕೆಡಬ್ಲ್ಯು ತನಕದ ತುಂಡು ಮಾತ್ರ ಬ್ರೌಸರಿಗೆ ಹೋಗಿತ್ತು. ಉಳಿದೆರಡು ತುಂಡುಗಳನ್ನು ಸಿಎಂಡಿ ತನಗೆ ಕೊಟ್ಟ ಆಜ್ಞೆ ಎಂದುಕೊಂಡಿತ್ತು.

ಎರಡೂ ತೊಂದರೆಗೆ ಒಟ್ಟಿಗೆ ಪರಿಹಾರ: ಸ್ಟಾರ್ಟ್ ಮುಂದೆ ಖಾಲಿ ಉದ್ಧರಣ ಜೋಡಿ, ಆಮೇಲೆ ಉದ್ಧರಣದೊಳಗೆ ವಿಳಾಸ.

ಸ್ಟಾರ್ಟ್ "" "ಎಚ್‌ಟಿಟಿಪಿ://192.168.1.10/…"

ಖಾಲಿ ಜೋಡಿ ಶೀರ್ಷಿಕೆಯ ಜಾಗ ತುಂಬುತ್ತದೆ, ಎರಡನೆಯ ಜೋಡಿ & ಚಿಹ್ನೆಯನ್ನು ಕಾಯುತ್ತದೆ. ಈ ಸಾಲನ್ನು ಕಮಾಂಡ್ ಕಿಟಕಿಯಲ್ಲಿ ಕೈಯಾರೆ ಅಂಟಿಸಿ ಎಂಟರ್ ಒತ್ತಿದರೆ ಪಟ್ಟಿ ಸರಿಯಾಗಿ ಬಂತು. ಅದೇ ಸಾಲನ್ನು ಒಂದಕ್ಷರವೂ ಬದಲಿಸದೆ ಬ್ಯಾಚ್ ಫೈಲಿನಲ್ಲಿಟ್ಟು ನಡೆಸಿದರೆ ಕೋಹಾ ‘ಯಾವ ಫಲಿತಾಂಶವೂ ಇಲ್ಲ’ ಎಂದಿತು.

ಈ ಪ್ರಕರಣದ ನಿಜವಾದ ಗಂಟು ಇದು. ಕೈಯಲ್ಲಿ ಹೊಡೆದರೆ ಸರಿ, ಫೈಲಿನಲ್ಲಿ ತಪ್ಪು ಎಂದಾಗ ಸಾಮಾನ್ಯವಾಗಿ ಅನುಮಾನ ಹೋಗುವುದು ಬ್ರೌಸರಿನ ಮೇಲೆ, ಇಲ್ಲವೇ ಸರ್ವರಿನ ಮೇಲೆ, ಇಲ್ಲವೇ ಆಂಟಿವೈರಸ್ ಮೇಲೆ. ಬ್ರೌಸರನ್ನು ಅಳಿಸಿ ಮತ್ತೆ ಹಾಕುವವರೂ ಇದ್ದಾರೆ. ಅದರ ಬದಲು ಸರ್ವರಿಗೆ ತಲುಪಿದ್ದೇನು ಎಂದು ಮೊದಲು ನೋಡಬೇಕು. ಸರ್ವರಿನಿಂದ ಪುಟಗಳನ್ನು ಕಳಿಸಿಕೊಡುವ ತಂತ್ರಾಂಶವಾದ ಅಪಾಚೆ ತನಗೆ ಬಂದ ಒಂದೊಂದು ಕೋರಿಕೆಯನ್ನೂ /ವಾರ್/ಲಾಗ್/ಅಪಾಚೆ2/ ಫೋಲ್ಡರಿನ ದಾಖಲೆಯಲ್ಲಿ ಬರೆದಿಡುತ್ತದೆ. ಟೇಲ್ -ಎಫ್ ಎಂದು ಆ ಫೈಲನ್ನು ತೆರೆದಿಟ್ಟು ಬ್ಯಾಚ್ ಫೈಲನ್ನು ನಡೆಸಿದಾಗ ‘ಕ್ಯೂ=’ ಮುಂದೆ ಬಂದದ್ದು ಇಷ್ಟೇ:

ಬಿ25ಬಿ2ಇ08ಡಿಬಿ2ಇ0ಎ1

45 ಅಕ್ಷರ ಹೋಗಿ 15 ಉಳಿದಿವೆ, ಪರ್ಸೆಂಟ್ ಚಿಹ್ನೆ ಒಂದೂ ಇಲ್ಲ. ಸರ್ವರ್ ಕಡೆ ಹೋಗುವ ಅವಕಾಶವಿಲ್ಲದಿದ್ದರೆ ಬ್ಯಾಚ್ ಫೈಲಿನಲ್ಲಿ ಎಕೋ ಆಫ್ ಎಂಬ ಸಾಲು ಇದ್ದರೆ ತೆಗೆದುಹಾಕಿ ನಡೆಸಿ. ಸಿಎಂಡಿ ತಾನು ನಡೆಸಲಿರುವ ಸಾಲನ್ನು ಪರದೆಯ ಮೇಲೆ ತೋರಿಸುವಾಗ ಈ ನುಂಗುವಿಕೆ ಆಗಲೇ ನಡೆದಿರುತ್ತದೆ, ಅಲ್ಲೇ ಕಾಣುತ್ತದೆ.

ಬ್ಯಾಚ್ ಫೈಲಿನಲ್ಲಿ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಬಂದದ್ದು ಒಂದು ಚರದ (ವೇರಿಯಬಲ್) ಹೆಸರು. %ಪಾತ್% ಎಂದರೆ ಪಾತ್‌ನ ಬೆಲೆ ಬರುವ ಹಾಗೆ, %ಇ0% ಎಂದರೆ ಇ0 ಎಂಬ ಚರದ ಬೆಲೆ ಬರಬೇಕು. ಅಂಥ ಚರ ಇಲ್ಲ, ಆದ್ದರಿಂದ ಆ ಜಾಗ ಖಾಲಿ. ಪರ್ಸೆಂಟ್ ಮುಂದೆ ಅಂಕಿ ಬಂದರೆ ಇನ್ನೊಂದು ನಿಯಮ: %1ರಿಂದ %9ರವರೆಗೆ ಎಂದರೆ ಬ್ಯಾಚ್ ಫೈಲಿಗೆ ಹೊರಗಿನಿಂದ ಕೊಟ್ಟ ಮಾತುಗಳು. ನಮ್ಮ ಸಾಲಿನ %95 ಅನ್ನು ಸಿಎಂಡಿ ಒಂಬತ್ತನೆಯ ಮಾತು, ಅದರ ಮುಂದೊಂದು 5 ಎಂದು ಓದಿತು. ಒಂಬತ್ತನೆಯ ಮಾತು ಇಲ್ಲ, 5 ಮಾತ್ರ ಉಳಿಯಿತು. ಮೇಲಿನ ಪದವನ್ನು ಈ ಎರಡು ನಿಯಮದಂತೆ ಎಡದಿಂದ ಬಲಕ್ಕೆ ಹೊಡೆದುಹಾಕುತ್ತ ಹೋದರೆ ದಾಖಲೆಯಲ್ಲಿ ಕಂಡ ಹದಿನೈದು ಅಕ್ಷರಗಳೇ ಸಿಗುತ್ತವೆ.

ಕೈಯಾರೆ ಹೊಡೆದಾಗ ಹೀಗೇಕೆ ಆಗಲಿಲ್ಲ? ಕಮಾಂಡ್ ಕಿಟಕಿಯಲ್ಲಿ ನೇರ ಹೊಡೆದ ಸಾಲಿಗೆ ನಿಯಮ ಬೇರೆ. ಅಲ್ಲಿ ಇಲ್ಲದ ಚರದ ಹೆಸರು ಬಂದರೆ ಸಿಎಂಡಿ ಅದನ್ನು ಅಳಿಸುವುದಿಲ್ಲ, ಇದ್ದ ಹಾಗೇ ಬಿಡುತ್ತದೆ. %9 ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಹಾಗಾಗಿ ಕಿಟಕಿಯಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಂಡ ಸಾಲು ಫೈಲಿಗೆ ಹೋದ ಕೂಡಲೇ ಕೆಡುತ್ತದೆ. ಇನ್ನೂ ಒಂದು ಮಾತು: ಉದ್ಧರಣ ಚಿಹ್ನೆ & ಚಿಹ್ನೆಯನ್ನು ಕಾಯುತ್ತದೆ, ಪರ್ಸೆಂಟನ್ನು ಕಾಯುವುದಿಲ್ಲ. ಇಂಗ್ಲಿಷ್ ಪದ ಹುಡುಕುವ ವಿಳಾಸಗಳಲ್ಲಿ ಪರ್ಸೆಂಟ್ ಅಪರೂಪ, ಬಂದರೂ ಖಾಲಿ ಜಾಗಕ್ಕೆ ಬದಲಾಗಿ ಒಂದೋ ಎರಡೋ %20. ಕನ್ನಡದಲ್ಲಿ ಒಂದೇ ಅಕ್ಷರಕ್ಕೆ ಮೂರು ಬರುವುದರಿಂದ, ಮೊದಲ ಅಕ್ಷರದಲ್ಲೇ %ಇ0% ಎಂಬ ಚರ ತಯಾರಾಗಿಬಿಡುತ್ತದೆ. ಯಾವ ಕನ್ನಡ ಪದವೂ ಇದರಿಂದ ತಪ್ಪಿಸಿಕೊಳ್ಳಲಾರದು. ಹಿಂದಿ, ತಮಿಳು, ತೆಲುಗಿಗೂ ಮೊದಲ ಬೈಟ್ ಇ0ಯೇ, ಹಾಗಾಗಿ ಅಲ್ಲೂ ಇದೇ ಕಥೆ.

ಪರಿಹಾರ ಸರಳ: ಬ್ಯಾಚ್ ಫೈಲಿನೊಳಗೆ ಒಂದೊಂದು % ಚಿಹ್ನೆಯನ್ನೂ %% ಎಂದು ಎರಡು ಸಲ ಬರೆಯಬೇಕು. ನೋಟ್‌ಪ್ಯಾಡಿನಲ್ಲಿ ಕಂಟ್ರೋಲ್ ಎಚ್ ಒತ್ತಿ % ಬದಲು %% ಎಂದು ಎಲ್ಲ ಕಡೆ ಬದಲಾಯಿಸಿದರೆ ಆಯಿತು. ಅದೇ ಫೈಲಿನಲ್ಲಿ ನಿಜವಾದ ಚರಗಳೂ ಇದ್ದರೆ ಅವೂ ಬದಲಾಗಿ ಕೆಡುತ್ತವೆ, ಆದ್ದರಿಂದ ವಿಳಾಸದ ಸಾಲನ್ನು ಬೇರೆ ಕಿಟಕಿಯಲ್ಲಿ ಬದಲಾಯಿಸಿ ತಂದು ಅಂಟಿಸುವುದು ಒಳ್ಳೆಯದು. ಹೀಗೆ ಎರಡಾಗಿಸಿದ ಸಾಲನ್ನು ಮತ್ತೆ ಕಮಾಂಡ್ ಕಿಟಕಿಯಲ್ಲಿ ನೇರ ಪರೀಕ್ಷಿಸಬೇಡಿ. ಅಲ್ಲಿ ಎರಡೂ ಚಿಹ್ನೆ ಉಳಿದು ವಿಳಾಸ ಕೆಡುತ್ತದೆ. ಪರೀಕ್ಷೆಯನ್ನು ಫೈಲ್ ನಡೆಸಿಯೇ ಮಾಡಬೇಕು.

ಬೇರೆ ದಾರಿಗಳೂ ಇದ್ದವು. ಬ್ಯಾಚ್ ಫೈಲಿನಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದು, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಅದರ ಮೇಲಿನ ಸಾಲಿನಲ್ಲಿ ಸಿಎಚ್‌ಸಿಪಿ 65001 ಎಂದು ಕೊಟ್ಟು, ಸಿಎಂಡಿ ಅದನ್ನು ಯುಟಿಎಫ್-8 ಎಂದೇ ಓದುವಂತೆ ಮಾಡಬಹುದು. ಬೈಟುಗಳಾಗಿ ಒಡೆಯುವ ಕೆಲಸವನ್ನು ಬ್ರೌಸರೇ ಮಾಡಿಕೊಳ್ಳುತ್ತದೆ. ಓದಲು ಚೆನ್ನ, ಆದರೆ ಫೈಲ್ ಬಿಓಎಂ (ಫೈಲಿನ ಶುರುವಿನಲ್ಲಿ ಸೇರುವ ಕಾಣದ ಗುರುತು) ಸಮೇತ ಉಳಿದರೆ ಮೊದಲ ಸಾಲೇ ಗೊತ್ತಿಲ್ಲದ ಆಜ್ಞೆ ಎಂದು ಸಿಎಂಡಿ ದೂರುತ್ತದೆ. ವಿಂಡೋಸ್ 10ರ 1903ನೆಯ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿ ಬಿಓಎಂ ಇಲ್ಲದೆ ಉಳಿಸುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಹಾಗಲ್ಲ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಬಳಸಬಹುದಲ್ಲ ಎಂದರೆ, ಅದರ ಟಾರ್ಗೆಟ್ ಪೆಟ್ಟಿಗೆಯಲ್ಲಿ ಹಿಡಿಸುವುದು ಸುಮಾರು 260 ಅಕ್ಷರ. ಬ್ರೌಸರಿನ ದಾರಿ, ಆಯ್ಕೆಗಳು, ವಿಳಾಸದ ಇಂಗ್ಲಿಷ್ ಭಾಗ ಸೇರಿಯೇ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಒಂದು ಕನ್ನಡ ಸಂಕೇತಕ್ಕೆ ಒಂಬತ್ತರಂತೆ ಎರಡು ಮೂರು ಪದ ಸೇರಿದರೆ ಜಾಗ ಸಾಲದು.

ಪವರ್‌ಶೆಲ್ ಬಳಸುವವರಿಗೆ ಒಂದು ಎಚ್ಚರ. ಅಲ್ಲೂ ಸ್ಟಾರ್ಟ್ ಎಂಬ ಹೆಸರಿದೆ, ಆದರೆ ಅದು ಸ್ಟಾರ್ಟ್-ಪ್ರಾಸೆಸ್ ಎಂಬ ಬೇರೆಯೇ ಆಜ್ಞೆಯ ಅಡ್ಡಹೆಸರು. ಅದಕ್ಕೆ ಶೀರ್ಷಿಕೆಯ ಗೊಡವೆ ಇಲ್ಲ, ಖಾಲಿ ಉದ್ಧರಣ ಜೋಡಿ ಕೊಟ್ಟರೆ ದೋಷ ಎನ್ನುತ್ತದೆ. ಅಲ್ಲಿ ವಿಳಾಸವನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗಿಟ್ಟು ಕೊಟ್ಟರೆ ಸಾಕು. ಪರ್ಸೆಂಟ್ ಚಿಹ್ನೆಗೆ ಏನೂ ಮಾಡಬೇಕಿಲ್ಲ.

ಪೂರ್ಣ ಪರದೆ, ಮತ್ತು ಕೇಳಿಸಿಕೊಳ್ಳದ ಕ್ರೋಮ್

ವಿಳಾಸ ಸರಿಹೋದ ಮೇಲೆ ಪುಟವನ್ನು ಪೂರ್ಣ ಪರದೆಯಲ್ಲಿ, ಬೇರೆ ಟ್ಯಾಬ್ ತೆರೆಯಲಾಗದಂತೆ ತೋರಿಸಬೇಕಿತ್ತು. ಅದಕ್ಕೆ ನಿಗದಿತ ಬ್ರೌಸರಿಗೆ ಬಿಡದೆ ಬ್ರೌಸರನ್ನೇ ಹೆಸರಿಸಬೇಕು:

ಸ್ಟಾರ್ಟ್ "" ಕ್ರೋಮ್ --ಕಿಯೋಸ್ಕ್ "ವಿಳಾಸ"

ಕಮಾಂಡ್ ಕಿಟಕಿಯಲ್ಲಿ ಬರಿಯ ಕ್ರೋಮ್ ಎಂದು ಹೊಡೆದರೆ ಸಿಎಂಡಿಗೆ ಅದು ಸಿಗುವುದಿಲ್ಲ, ಏಕೆಂದರೆ ಕ್ರೋಮ್ ಇರುವ ಫೋಲ್ಡರ್ ಪಾತ್‌ನಲ್ಲಿಲ್ಲ. ಸ್ಟಾರ್ಟ್ ಮೂಲಕ ಕೇಳಿದರೆ ಸಿಗುತ್ತದೆ: ಅದು ರಿಜಿಸ್ಟ್ರಿಯ ಆ್ಯಪ್ ಪಾತ್ಸ್ ಎಂಬಲ್ಲಿಯೂ ಹುಡುಕುತ್ತದೆ, ಕ್ರೋಮ್ ತನ್ನ ಜಾಗವನ್ನು ಅಲ್ಲಿ ನಮೂದಿಸಿರುತ್ತದೆ. ಫೈರ್‌ಫಾಕ್ಸ್‌ನಲ್ಲೂ 71ನೆಯ ಆವೃತ್ತಿಯಿಂದ --ಕಿಯೋಸ್ಕ್ ಇದೆ. ಎಜ್‌ನಲ್ಲಿ ಅದರ ಜೊತೆಗೆ --ಎಜ್-ಕಿಯೋಸ್ಕ್-ಟೈಪ್=ಪಬ್ಲಿಕ್-ಬ್ರೌಸಿಂಗ್ ಎಂದೂ ಕೊಡಬಹುದು. ವಿದ್ಯಾರ್ಥಿಗಳ ಕಂಪ್ಯೂಟರಿಗೆ ಇದೇ ಹೆಚ್ಚು ಹೊಂದುತ್ತದೆ: ಹಿಂದಿನವರು ಏನು ಹುಡುಕಿದರು ಎಂಬುದು ಉಳಿಯುವುದಿಲ್ಲ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನಾಗಿ ಮೊದಲ ಪುಟಕ್ಕೆ ಮರಳುತ್ತದೆ. ಎಷ್ಟು ನಿಮಿಷ ಎಂಬುದನ್ನು --ಕಿಯೋಸ್ಕ್-ಐಡಲ್-ಟೈಮ್‌ಔಟ್-ಮಿನಿಟ್ಸ್= ಮುಂದೆ ಹೇಳಬಹುದು.

ಗ್ರಂಥಾಲಯದವರು ಮೊದಲು ಕ್ರೋಮ್‌ನಲ್ಲಿ ಮಾಡಿದರು. ಒಂದೊಂದು ದಿನ ಪೂರ್ಣ ಪರದೆ ಬಂತು, ಒಂದೊಂದು ದಿನ ಬರಿಯ ಟ್ಯಾಬ್ ಬಂತು. ಕ್ರೋಮ್ ಆಗಲೇ ನಡೆಯುತ್ತಿದ್ದರೆ, ಹೊಸದಾಗಿ ಕರೆದದ್ದು ವಿಳಾಸವನ್ನು ಹಳೆಯದಕ್ಕೆ ಒಪ್ಪಿಸಿ ಮುಗಿದುಹೋಗುತ್ತದೆ. --ಕಿಯೋಸ್ಕ್ ಮುಂತಾದ ಆಯ್ಕೆಗಳನ್ನು ಹಳೆಯದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಿಟಕಿ ಮುಚ್ಚಿದ್ದರೂ ಕ್ರೋಮ್ ಹಿನ್ನೆಲೆಯಲ್ಲಿ ನಡೆಯುತ್ತಿರಬಹುದು, ಅದಕ್ಕೊಂದು ಸೆಟ್ಟಿಂಗ್ ಇದೆ. ಲಾಗಿನ್ ಆದ ಕೂಡಲೇ ಅದು ಮೊದಲು ಎದ್ದರೆ ಟ್ಯಾಬ್, ಬ್ಯಾಚ್ ಫೈಲ್ ಮೊದಲು ಓಡಿದರೆ ಪೂರ್ಣ ಪರದೆ. --ಯೂಸರ್-ಡೇಟಾ-ಡಿರ್= ಎಂದು ಇದಕ್ಕಾಗಿಯೇ ಬೇರೆ ಫೋಲ್ಡರ್ ಕೊಟ್ಟರೆ ಈ ಗೊಂದಲ ನಿಲ್ಲುತ್ತದೆ: ಬೇರೆ ಫೋಲ್ಡರಿನ ಕ್ರೋಮ್ ಬೇರೆಯೇ ಕ್ರೋಮ್, ಹಳೆಯದಕ್ಕೆ ಒಪ್ಪಿಸುವ ಮಾತಿಲ್ಲ. ಹೊಸ ಫೋಲ್ಡರಿನಲ್ಲಿ ಮೊದಲ ಸಲದ ಸ್ವಾಗತದ ಪುಟ ಬಾರದಿರಲು --ನೋ-ಫರ್ಸ್ಟ್-ರನ್ ಕೂಡ ಸೇರಿಸಬೇಕು.

ಉಳಿದದ್ದು ಬೆಳಗಿನ ಆತುರ. ಕಂಪ್ಯೂಟರೂ ಸರ್ವರೂ ಒಟ್ಟಿಗೆ ಸ್ವಿಚ್ ಆಗುವ ಕಡೆ ಬ್ರೌಸರ್ ಮೊದಲು ಎದ್ದು, ಸೈಟ್ ಸಿಗುತ್ತಿಲ್ಲ ಎಂಬ ಪುಟ ತೋರಿಸಿ ಕೂರುತ್ತದೆ. ನಿಗದಿತ ಸೆಕೆಂಡು ಕಾಯಿಸುವುದಕ್ಕಿಂತ ಸರ್ವರ್ ಉತ್ತರಿಸುವ ತನಕ ಕಾಯಿಸುವುದು ಸರಿ. ಪಿಂಗ್ ಇಲ್ಲಿ ಸಾಲದು: ಯಂತ್ರ ಪಿಂಗ್‌ಗೆ ಉತ್ತರಿಸಿದ ಮೇಲೂ ಅಪಾಚೆ ಏಳಲು ಸಮಯ ಬೇಕು. ವಿಂಡೋಸ್ 10ರಲ್ಲಿ 1803ನೆಯ ಆವೃತ್ತಿಯಿಂದ, ಕಮಾಂಡ್ ಲೈನಿನಿಂದ ವೆಬ್ ಪುಟ ತರಿಸುವ ಕರ್ಲ್ ಇದ್ದೇ ಇರುತ್ತದೆ. ಬ್ಯಾಚ್ ಫೈಲಿನಲ್ಲಿ ಸ್ಟಾರ್ಟ್ ಸಾಲಿಗಿಂತ ಮೇಲೆ ಇದನ್ನು ಇಟ್ಟರು:

:ಕಾಯು
ಕರ್ಲ್ -ಎಫ್ -ಎಸ್ -ಓ ನಲ್ --ಮ್ಯಾಕ್ಸ್-ಟೈಮ್ 3 ಎಚ್‌ಟಿಟಿಪಿ://192.168.1.10/ || (ಟೈಮ್‌ಔಟ್ /ಟಿ 5 /ನೋಬ್ರೇಕ್ >ನಲ್ & ಗೋಟು ಕಾಯು)

ಕರ್ಲ್‌ನ ಈ ಮೂರು ಚಿಕ್ಕ ಆಯ್ಕೆಗಳನ್ನೂ ಸಣ್ಣ ಅಕ್ಷರದಲ್ಲೇ ಒತ್ತಬೇಕು. ಅಲ್ಲಿ ದೊಡ್ಡಕ್ಷರಕ್ಕೆ ಬೇರೆ ಅರ್ಥ. ಕೊನೆಗೆ ಬ್ಯಾಚ್ ಫೈಲನ್ನು ಸ್ಟಾರ್ಟಪ್ ಫೋಲ್ಡರಿಗೆ ಹಾಕಿದರು. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ ಶೆಲ್:ಸ್ಟಾರ್ಟಪ್ ಎಂದು ಹೊಡೆದರೆ ಆ ಫೋಲ್ಡರ್ ತೆರೆಯುತ್ತದೆ.

ಟಿವಿ ಕಡೆ ನಡೆದದ್ದು

ಪೈಯಲ್ಲಿರುವುದು ಲಿನಕ್ಸ್. ಇಲ್ಲಿ ನಿಗದಿತ ಬ್ರೌಸರಿನಲ್ಲಿ ವಿಳಾಸ ತೆರೆಯುವ ಆಜ್ಞೆ ಎಕ್ಸ್‌ಡಿಜಿ-ಓಪನ್. ಅದಕ್ಕೆ ವಿಳಾಸವೊಂದನ್ನೇ ಕೊಡಬಹುದು, ಕಿಯೋಸ್ಕ್ ಎಂದು ಹೇಳಲಾಗದು. ಮೊದಲ ಪರೀಕ್ಷೆಗೆ ಮಾತ್ರ ಅದನ್ನು ಬಳಸಿ ವಿಳಾಸವನ್ನು ಉದ್ಧರಣ ಚಿಹ್ನೆ ಇಲ್ಲದೆ ಕೊಟ್ಟಾಗ ವಿಂಡೋಸಿನದೇ ಲಕ್ಷಣ ಕಂಡಿತು: ಪುಟ ಬಂತು, ಪಟ್ಟಿ ಇಲ್ಲ. ಲಿನಕ್ಸಿನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್‌ಗೆ & ಎಂದರೆ ಹಿಂದಿನದನ್ನು ಹಿನ್ನೆಲೆಯಲ್ಲಿ ನಡೆಸು ಎಂದರ್ಥ. ವಿಂಡೋಸ್ ಕನಿಷ್ಠ ದೂರಾದರೂ ಹೇಳಿತ್ತು. ಇಲ್ಲಿ ಅದೂ ಇಲ್ಲ. & ಆದ ಮೇಲಿನ ತುಂಡುಗಳಿಗೆ ಹೆಸರು=ಬೆಲೆ ಎಂಬ ರೂಪವಿರುವುದರಿಂದ ಬ್ಯಾಶ್ ಅವನ್ನು ಚರಗಳಿಗೆ ಬೆಲೆ ಕೊಡುವ ಸಾಲು ಎಂದು ಓದಿ ಸುಮ್ಮನೆ ಪಾಲಿಸುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಎಲ್ಲ ಸರಿ, ಪರ್ಸೆಂಟ್ ಕೂಡ ಸುರಕ್ಷಿತ. ಇಲ್ಲಿ ಎರಡಾಗಿಸಬೇಕಿಲ್ಲ, ಎರಡಾಗಿಸಿದರೆ ತಪ್ಪಾಗುತ್ತದೆ. ಮ್ಯಾಕ್ ಬಳಸುವವರಿಗೆ ಆಜ್ಞೆಯ ಹೆಸರು ಓಪನ್; 2019ರಿಂದ ಅಲ್ಲಿ ನಿಗದಿತ ಶೆಲ್ ಆಗಿರುವ ಜಡ್‌ಶೆಲ್, ಉದ್ಧರಣ ಇಲ್ಲದ ವಿಳಾಸದ ? ಚಿಹ್ನೆಯನ್ನು ಫೈಲ್ ಹೆಸರಿನ ಹುಡುಕಾಟ ಎಂದೇ ಓದಿ, ಹೊಂದುವುದು ಯಾವುದೂ ಸಿಗಲಿಲ್ಲ ಎಂದು ನಿಲ್ಲುತ್ತದೆ.

ಟಿವಿಗೆ ಕೀಲಿಮಣೆ ಇರಲಿಲ್ಲ, ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಪೈಯ ಬ್ರೌಸರಾದ ಕ್ರೋಮಿಯಮ್ಮನ್ನು ಕರೆದಾಗ ಡಿಸ್‌ಪ್ಲೇ ಸಿಗಲಿಲ್ಲ ಎಂಬ ದೋಷ ಬಂತು. ಎಸ್‌ಎಸ್‌ಎಚ್ ಮೂಲಕ ಬಂದವರಿಗೆ ಟಿವಿಯ ಪರದೆ ಯಾವುದೆಂದು ಯಾರೂ ಹೇಳಿರುವುದಿಲ್ಲ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸಲು ಎಕ್ಸ್11 ಎಂಬ ವ್ಯವಸ್ಥೆ ಇರುವ ಹಳೆಯ ಪೈಗಳಲ್ಲಿ ಆಜ್ಞೆಯ ಹಿಂದೆ ಡಿಸ್‌ಪ್ಲೇ=:0 ಎಂದು ಸೇರಿಸಿದರೆ ಸಾಕು. ಅಕ್ಟೋಬರ್ 2023ರ ಬುಕ್‌ವರ್ಮ್ ಆವೃತ್ತಿಯಿಂದ ಪೈ 4 ಮತ್ತು 5ರಲ್ಲಿ ಅದರ ಬದಲು ವೇಲ್ಯಾಂಡ್ ಬಂದಿದೆ; ಅಲ್ಲಿ ಎಕ್ಸ್‌ಡಿಜಿ_ರನ್‌ಟೈಮ್_ಡಿರ್=/ರನ್/ಯೂಸರ್/1000 ಮತ್ತು ವೇಲ್ಯಾಂಡ್_ಡಿಸ್‌ಪ್ಲೇ=ವೇಲ್ಯಾಂಡ್-0 ಬೇಕಾಗುತ್ತವೆ. 1000 ಎಂಬುದು ಪೈಯ ಮೊದಲ ಬಳಕೆದಾರರ ಸಂಖ್ಯೆ, ಐಡಿ -ಯು ಎಂದು ಹೊಡೆದು ಖಚಿತಪಡಿಸಿಕೊಳ್ಳಬೇಕು. ವೇಲ್ಯಾಂಡ್-0 ಎಂಬುದು ಕೆಲವೊಮ್ಮೆ ವೇಲ್ಯಾಂಡ್-1 ಆಗಿರುತ್ತದೆ. /ರನ್/ಯೂಸರ್/1000 ಫೋಲ್ಡರಿನಲ್ಲಿ ನೋಡಿದರೆ ಹೆಸರು ಕಾಣುತ್ತದೆ. ಇದೆಲ್ಲ ಪರೀಕ್ಷೆಗೆ ಮಾತ್ರ. ಡೆಸ್ಕ್‌ಟಾಪ್ ತಾನಾಗಿ ಎದ್ದಾಗ ಓಡುವ ಫೈಲಿಗೆ ಇವು ಬೇಡ.

ಕೊನೆಗೆ ನಿಂತ ಸ್ಕ್ರಿಪ್ಟ್ ಹೀಗಿತ್ತು. ಸರ್ವರಿಗೆ ಕಾಯುವ ಭಾಗ ವಿಂಡೋಸಿನದರ ಹಾಗೇ, ನಲ್ ಬದಲು /ಡೆವ್/ನಲ್. ಅದಾದ ಮೇಲೆ ಕೊನೆಯಿಲ್ಲದ ವೈಲ್ ಸುತ್ತು. ಸುತ್ತಿನೊಳಗೆ ಮೊದಲು /ಟಿಎಂಪಿ/ಪರದೆ ಫೋಲ್ಡರನ್ನು ಅಳಿಸುವುದು, ನಂತರ ಆ ಫೋಲ್ಡರನ್ನೇ ಡೇಟಾ ಫೋಲ್ಡರಾಗಿ ಕೊಟ್ಟು ಕ್ರೋಮಿಯಮ್ಮನ್ನು --ಕಿಯೋಸ್ಕ್, --ನೋ-ಫರ್ಸ್ಟ್-ರನ್, --ಪಾಸ್‌ವರ್ಡ್-ಸ್ಟೋರ್=ಬೇಸಿಕ್ ಆಯ್ಕೆಗಳೊಂದಿಗೆ ಕರೆಯುವುದು, ಕ್ರೋಮಿಯಮ್ ಮುಗಿದರೆ ಐದು ಸೆಕೆಂಡು ಕಾದು ಮತ್ತೆ ಮೊದಲಿಂದ. ಫೋಲ್ಡರನ್ನು ಪ್ರತಿ ಸಲ ಅಳಿಸುವುದಕ್ಕೆ ಕಾರಣ ಕರೆಂಟ್. ಕರೆಂಟ್ ಹಠಾತ್ತನೆ ಹೋಗಿ ಬಂದರೆ ಕ್ರೋಮಿಯಮ್ ‘ಹಿಂದಿನ ಪುಟಗಳನ್ನು ತೆರೆಯಲೇ?’ ಎಂದು ಪುಟದ ಮೇಲೆ ಪೆಟ್ಟಿಗೆ ತೋರಿಸಿ ನಿಲ್ಲುತ್ತದೆ, ಗೋಡೆಯ ಮೇಲಿನ ಟಿವಿಯಲ್ಲಿ ಅದನ್ನು ಮುಚ್ಚುವವರು ಯಾರೂ ಇಲ್ಲ. ಹಿಂದಿನ ನೆನಪೇ ಇಲ್ಲದ ಬ್ರೌಸರ್ ಈ ಪ್ರಶ್ನೆ ಕೇಳುವುದಿಲ್ಲ. ಪಾಸ್‌ವರ್ಡ್ ಆಯ್ಕೆ ಇಲ್ಲದಿದ್ದರೆ, ತಾನಾಗಿ ಲಾಗಿನ್ ಆಗುವ ಪೈಯಲ್ಲಿ ಕೀರಿಂಗ್ ತೆರೆಯಲು ಗುಪ್ತಪದ ಕೇಳುವ ಪೆಟ್ಟಿಗೆ ಬರಬಹುದು. ಹಳೆಯ ಪೈಗಳಲ್ಲಿ ಕ್ರೋಮಿಯಮ್ಮಿನ ಆಜ್ಞೆಯ ಹೆಸರು ಕ್ರೋಮಿಯಮ್-ಬ್ರೌಸರ್.

ಪಟ್ಟಿ ಹೊಸದಾಗಲು, ನಿಗದಿತ ಹೊತ್ತಿಗೆ ಆಜ್ಞೆ ನಡೆಸುವ ಕ್ರಾನ್‌ನಲ್ಲಿ ಗಂಟೆಗೊಮ್ಮೆ ಪಿಕಿಲ್ ಕ್ರೋಮಿಯಮ್ ಎಂಬ, ಆ ಹೆಸರಿನದನ್ನು ನಿಲ್ಲಿಸುವ ಸಾಲು ಹಾಕಿದರು. ಬ್ರೌಸರ್ ಬಿದ್ದ ಕೂಡಲೇ ಸುತ್ತು ಅದನ್ನು ಎಬ್ಬಿಸುತ್ತದೆ. ಸ್ಕ್ರಿಪ್ಟಿಗೆ ಮೊದಲು ಕ್ರೋಮಿಯಮ್ ಎಂದು ಶುರುವಾಗುವ ಹೆಸರಿತ್ತು, ಹಾಗಾಗಿ ಪಿಕಿಲ್ ಸ್ಕ್ರಿಪ್ಟನ್ನೂ ಕೊಂದು ಟಿವಿ ಖಾಲಿಯಾಯಿತು. ಹೆಸರು ಪರದೆ.ಎಸ್‌ಎಚ್ ಆದ ಮೇಲೆ ತೊಂದರೆ ಇಲ್ಲ. ಟಿವಿ ತಾನಾಗಿ ಕಪ್ಪಾಗುವುದನ್ನು ರಾಸ್ಪಿ-ಕಾನ್ಫಿಗ್‌ನ ಡಿಸ್‌ಪ್ಲೇ ಆಯ್ಕೆಗಳಲ್ಲಿರುವ ಸ್ಕ್ರೀನ್ ಬ್ಲ್ಯಾಂಕಿಂಗ್‌ನಲ್ಲಿ ನಿಲ್ಲಿಸಬೇಕು.

ಸ್ಕ್ರಿಪ್ಟನ್ನು ಎಲ್ಲಿಂದ ಕರೆಯಬೇಕು ಎಂಬುದು ಪೈಯ ಆವೃತ್ತಿಯ ಮೇಲೆ ಹೋಗುತ್ತದೆ. ವೇಲ್ಯಾಂಡಿನ ಕಿಟಕಿಗಳನ್ನು ನೋಡಿಕೊಳ್ಳುವ ಎಲ್‌ಎಬಿಡಬ್ಲ್ಯುಸಿ ಇರುವ ಈಚಿನ ಪೈಗಳಲ್ಲಿ ಬಳಕೆದಾರರ .ಕಾನ್ಫಿಗ್/ಎಲ್‌ಎಬಿಡಬ್ಲ್ಯುಸಿ/ಆಟೋಸ್ಟಾರ್ಟ್ ಎಂಬ ಫೈಲ್, ಎಕ್ಸ್11 ಕಾಲದವುಗಳಲ್ಲಿ .ಕಾನ್ಫಿಗ್/ಎಲ್‌ಎಕ್ಸ್‌ಸೆಷನ್/ಎಲ್‌ಎಕ್ಸ್‌ಡಿಇ-ಪೈ/ಆಟೋಸ್ಟಾರ್ಟ್. ಎಲ್ಲಿಂದ ಕರೆದರೂ ಕರೆಯಬೇಕಾದದ್ದು ಸ್ಕ್ರಿಪ್ಟನ್ನು, ವಿಳಾಸವನ್ನು ಅಲ್ಲಿ ನೇರ ಬರೆಯಬಾರದು. ವಿಂಡೋಸ್ ಬಿಟ್ಟು ಬಂದೆವು, ಪರ್ಸೆಂಟ್ ಕಾಟ ಮುಗಿಯಿತು ಎಂದುಕೊಂಡವರಿಗೆ ಲಿನಕ್ಸ್‌ನಲ್ಲಿ ಅದು ಮೂರು ಕಡೆ ಕಾದಿದೆ. ಕ್ರಾನ್ ಸಾಲಿನಲ್ಲಿ % ಎಂದರೆ ಸಾಲು ಮುರಿಯಿತು ಎಂದರ್ಥ, ವಿಳಾಸ ‘ಕ್ಯೂ=’ ಹತ್ತಿರವೇ ನಿಲ್ಲುತ್ತದೆ; ಅಲ್ಲಿ ಪ್ರತಿ ಚಿಹ್ನೆಯ ಹಿಂದೆ \ ಬೇಕು. .ಡೆಸ್ಕ್‌ಟಾಪ್ ಫೈಲಿನ ಎಕ್ಸೆಕ್ ಸಾಲಿನಲ್ಲಿ %ಯು, %ಎಫ್ ಮುಂತಾದವಕ್ಕೆ ಬೇರೆ ಅರ್ಥವಿದೆ, ಅಲ್ಲಿ %% ಬೇಕು. ಹಿನ್ನೆಲೆಯ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲಿನಲ್ಲೂ %% ಬೇಕು, ಏಕೆಂದರೆ ಅಲ್ಲಿ %ಇ ಎಂದರೆ /ಇಟಿಸಿ ಫೋಲ್ಡರ್. ಕನ್ನಡದ ಮೊದಲ ಬೈಟೇ /ಇಟಿಸಿ0 ಎಂದಾಗಿ ಸರ್ವರಿಗೆ ಹೋಗುತ್ತದೆ.

ಅಂದಹಾಗೆ ಬ್ಯಾಶ್ ಸ್ಕ್ರಿಪ್ಟಿನಲ್ಲಿ ‘ಕನ್ನಡ’ ಎಂದು ನೇರ ಬರೆದರೂ ಕ್ರೋಮಿಯಮ್ ಅದನ್ನು ಒಡೆದುಕೊಂಡು ಕಳಿಸುತ್ತದೆ. ಆದರೂ ಒಡೆದ ರೂಪವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕನ್ನಡ ಬರಹದಲ್ಲಿ ಒತ್ತು ಕೂಡದಿರಲೆಂದು ನಡುವೆ ಸೇರಿಸುವ ಕಾಣದ ಅಕ್ಷರವೊಂದಿದೆ; ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಮತ್ತು ಕ ನಡುವೆ ಬರುವುದು ಅದೇ. ಪರದೆಯ ಮೇಲೆ ಕಾಣದು, ಒಡೆದ ರೂಪದಲ್ಲಿ %ಇ2%80%8ಸಿ ಎಂದು ಎದ್ದು ಕಾಣುತ್ತದೆ. ಕೋಹಾದಲ್ಲಿ ಪುಸ್ತಕ ನಮೂದಿಸಿದವರು ಅದನ್ನು ಬಳಸದೆ, ವಿಳಾಸದಲ್ಲಿ ಅದು ಸೇರಿದ್ದರೆ ಎರಡೂ ಪದ ಹೊಂದದೆ ಹೋಗಬಹುದು.

ಕೊನೆಗೆ ಆರಿಸಿಕೊಂಡದ್ದು

ಎರಡೂ ಪರದೆ ನಡೆದವು. ಆದರೆ ಉದ್ದದ ವಿಳಾಸ ಎರಡು ಫೈಲುಗಳಲ್ಲಿ, ಎರಡು ಬಗೆಯ ನಿಯಮದಂತೆ ಬರೆದು ಕುಳಿತಿತ್ತು. ಮುಂದಿನ ಅವಧಿಗೆ ‘ಕನ್ನಡ’ ಬದಲು ಇನ್ನೊಂದು ವಿಷಯದ ಪಟ್ಟಿ ಬೇಕೆಂದರೆ ಎರಡು ಕಡೆಯೂ ತಿದ್ದಬೇಕು, ಒಂದು ಕಡೆ ಎರಡಾಗಿಸಿ, ಇನ್ನೊಂದು ಕಡೆ ಎರಡಾಗಿಸದೆ. ಸರ್ವರ್ ನೋಡಿಕೊಳ್ಳುವವರ ಒಪ್ಪಿಗೆ ಸಿಕ್ಕ ಮೇಲೆ ಉದ್ದದ ವಿಳಾಸವನ್ನು ಸರ್ವರಿಗೇ ಸಾಗಿಸಿದರು. ಕೋಹಾದ ಅಪಾಚೆ ಸೈಟ್ ಫೈಲಿನಲ್ಲಿ, ಓದುಗರು ಹುಡುಕುವ ಪುಟವಾದ ಓಪ್ಯಾಕ್‌ನ ವರ್ಚುವಲ್‌ಹೋಸ್ಟ್ ಭಾಗದೊಳಗೆ, /ಹೊಸ ಎಂದು ಕೇಳಿದವರನ್ನು ಉದ್ದದ ವಿಳಾಸಕ್ಕೆ ಕಳಿಸುವ ಈ ಸಾಲು:

ರೀಡೈರೆಕ್ಟ್ 302 /ಹೊಸ "ಪೂರ್ತಿ ವಿಳಾಸ"

ಇಲ್ಲಿ ಪರ್ಸೆಂಟ್ ಒಂದೊಂದೇ ಇರಲಿ. 301 ಎಂದು ಬರೆಯಬಾರದು: 301 ಎಂದರೆ ಶಾಶ್ವತ ಬದಲಾವಣೆ, ಬ್ರೌಸರ್ ಅದನ್ನು ತನ್ನಲ್ಲೇ ಉಳಿಸಿಕೊಂಡು ಮುಂದಿನ ಸಲ ಸರ್ವರನ್ನು ಕೇಳದೆ ಹಳೆಯ ಪಟ್ಟಿಗೇ ಹೋಗಬಹುದು. ಈಗ ಬ್ಯಾಚ್ ಫೈಲಿನಲ್ಲೂ ಪರದೆ.ಎಸ್‌ಎಚ್‌ನಲ್ಲೂ ಇರುವುದು ಎಚ್‌ಟಿಟಿಪಿ://192.168.1.10/ಹೊಸ ಎಂಬ ಚಿಕ್ಕ ವಿಳಾಸ. ಅದರಲ್ಲಿ & ಇಲ್ಲ, ? ಇಲ್ಲ, % ಇಲ್ಲ. ಸಿಎಂಡಿಯಾಗಲಿ ಬ್ಯಾಶ್ ಆಗಲಿ ಕ್ರಾನ್ ಆಗಲಿ ಅದರಲ್ಲಿ ತನ್ನದೆಂದು ಓದಿಕೊಳ್ಳುವಂಥದ್ದು ಏನೂ ಇಲ್ಲ. ಸರ್ವರ್ ಕೈಗೆ ಸಿಗುವ ಕಡೆಗಳಲ್ಲಿ ಈ ದಾರಿಯನ್ನೇ ಮೊದಲು ಹಿಡಿಯಬೇಕು. ಸಿಗದ ಕಡೆ ಮಾತ್ರ ಪರ್ಸೆಂಟ್ ಎರಡಾಗಿಸುವ ಕೆಲಸ.

ಪಟ್ಟಿ ಬದಲಿಸಬೇಕಾದಾಗ ಬ್ರೌಸರಿನಲ್ಲಿ ಹುಡುಕಿ, ವಿಳಾಸ ಕಾಪಿ ಮಾಡಿ, ಆ ಒಂದು ಸಾಲಿನಲ್ಲಿ ಅಂಟಿಸಬೇಕು. ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಎಂದು ಹೊಡೆದು ಸಿಂಟ್ಯಾಕ್ಸ್ ಸರಿ ಎಂಬ ಉತ್ತರ ಬಂದ ಮೇಲೆ ಸಿಸ್ಟಮ್‌ಸಿಟಿಎಲ್ ರೀಲೋಡ್ ಅಪಾಚೆ2. ಟಿವಿ ಮುಂದಿನ ಗಂಟೆಗೆ ತಾನಾಗಿ ಹೊಸ ಪಟ್ಟಿ ತೋರಿಸುತ್ತದೆ, ಮೇಜಿನ ಕಂಪ್ಯೂಟರ್ ಮರುದಿನ ಬೆಳಿಗ್ಗೆ.